ಲಿಕ್ವಿಡ್ ಫೌಂಡೇಶನ್ ಹಚ್ಚಲು ಬೆರಳೋ, ಬ್ರಷ್ಷೋ, ಸ್ಪಂಜೋ? ಉಪಕರಣ ಆರಿಸುವ ಸಮಗ್ರ ಮಾರ್ಗದರ್ಶಿ

ಕುಣಿಯಲಾರದವಳು ನೆಲ ಡೊಂಕು ಎಂದಳು ಎಂಬ ಗಾದೆಯನ್ನು ಮೇಕಪ್ ವಿಷಯದಲ್ಲಿ ನಾನು ಪೂರ್ತಿ ಒಪ್ಪುವುದಿಲ್ಲ. ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿರಬಹುದು. ಒಂದೇ ಬಾಟಲಿಯ ಲಿಕ್ವಿಡ್ ಫೌಂಡೇಶನ್ ಅನ್ನು ಬಲಗೆನ್ನೆಗೆ ಚಪ್ಪಟೆ ಬ್ರಷ್‌ನಿಂದ, ಎಡಗೆನ್ನೆಗೆ ಒದ್ದೆ ಸ್ಪಂಜಿನಿಂದ ಹಚ್ಚಿಕೊಂಡು ಕಿಟಕಿಯ ಬೆಳಕಿಗೆ ನಿಂತು ನೋಡಿ. ಎರಡು ಬೇರೆ ಕಂಪನಿಗಳ ಬಣ್ಣ ಹಚ್ಚಿಕೊಂಡಂತೆ ಕಾಣುತ್ತದೆ. ಒಂದು ಕಡೆ ಗೋಡೆಗೆ ಸುಣ್ಣ ಹೊಡೆದ ಗೆರೆಗಳು. ಇನ್ನೊಂದು ಕಡೆ ಚೆನ್ನಾಗಿ ನಿದ್ದೆ ಮಾಡಿ ಎದ್ದ ಚರ್ಮ. ‘ಇದು ನನಗೆ ಒಗ್ಗುವುದಿಲ್ಲ’ ಎಂದು ಮೂಲೆಗೆ ಸೇರಿಸಿದ ಬಾಟಲಿಗಳಲ್ಲಿ ಎಷ್ಟೋ ನಿರಪರಾಧಿಗಳಿರುತ್ತವೆ. ತಪ್ಪು ಮಾಡಿದ್ದು ಅವನ್ನು ಹಚ್ಚಿದ ಉಪಕರಣ.

ಯಾವ ಉಪಕರಣ ‘ಶ್ರೇಷ್ಠ’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ನಿಮ್ಮ ಬಾಟಲಿಯಲ್ಲಿರುವ ದ್ರವ ಎಷ್ಟು ಬೇಗ ಒಣಗುತ್ತದೆ, ನಿಮ್ಮ ಚರ್ಮ ಉಜ್ಜಾಟವನ್ನು ಎಷ್ಟು ಸಹಿಸುತ್ತದೆ, ಹಚ್ಚಿದ ಮೇಲೆ ಉಪಕರಣವನ್ನು ತೊಳೆಯುವ ತಾಳ್ಮೆ ನಿಮಗೆ ಎಷ್ಟಿದೆ ಎಂಬ ಮೂರು ಪ್ರಶ್ನೆಗಳಿಗೆ ಮಾತ್ರ ಉತ್ತರವಿದೆ. ಆ ಮೂರೂ ಸಿಕ್ಕರೆ ಉಪಕರಣ ತಾನಾಗಿಯೇ ಗೊತ್ತಾಗುತ್ತದೆ.

ಮೂರೇ ಕೆಲಸ, ನೂರು ಆಕಾರ

ಕಪಾಟಿನಲ್ಲಿ ಹತ್ತಾರು ಆಕಾರಗಳನ್ನು ಕಂಡು ಗಾಬರಿಯಾಗಬೇಕಿಲ್ಲ. ಫೌಂಡೇಶನ್ ಹಚ್ಚುವ ಯಾವುದೇ ಉಪಕರಣ ಮಾಡುವುದು ಮೂರು ಕೆಲಸ: ದ್ರವವನ್ನು ಹರಡುವುದು, ಅದನ್ನು ಚರ್ಮದ ಮೇಲೆ ಒತ್ತಿ ಕೂರಿಸುವುದು, ಹೆಚ್ಚಾದದ್ದನ್ನು ಎತ್ತಿಕೊಳ್ಳುವುದು.

ಚಪ್ಪಟೆ ಬ್ರಷ್ ಚೆನ್ನಾಗಿ ಹರಡುತ್ತದೆ, ಒತ್ತುವುದು ಕಡಿಮೆ, ಎತ್ತಿಕೊಳ್ಳುವುದು ಇಲ್ಲವೇ ಇಲ್ಲ. ಒದ್ದೆ ಸ್ಪಂಜ್ ಒತ್ತುತ್ತದೆ, ಎತ್ತಿಕೊಳ್ಳುತ್ತದೆ. ಆದರೆ ಹರಡುವುದರಲ್ಲಿ ನಿಧಾನಿ. ದಟ್ಟವಾದ ಗಿಡ್ಡ ಬ್ರಷ್ ಹರಡುತ್ತಲೇ ಒತ್ತುತ್ತದೆ, ಅದಕ್ಕೆ ಬದಲಾಗಿ ಚರ್ಮವನ್ನು ಉಜ್ಜುತ್ತದೆ. ಬೆರಳು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡುತ್ತದೆ, ಜೊತೆಗೆ ಬಿಸಿಯನ್ನೂ ಕೊಡುತ್ತದೆ. ಮುಖದ ಮೇಲೆ ಗೆರೆ ಉಳಿದರೆ ಒತ್ತುವ ಕೆಲಸ ಆಗಿಲ್ಲ, ಹಿಟ್ಟು ಬಳಿದಂತೆ ದಪ್ಪಗೆ ಕಂಡರೆ ಎತ್ತಿಕೊಳ್ಳುವ ಕೆಲಸ ಆಗಿಲ್ಲ, ಅಲ್ಲಲ್ಲಿ ತೇಪೆ ಹಚ್ಚಿದಂತೆ ಕಂಡರೆ ಹರಡುವ ಕೆಲಸ ಸಮವಾಗಿ ಆಗಿಲ್ಲ ಎಂದರ್ಥ. ಈಗ ನಿಮ್ಮ ಬಳಿ ಇರುವ ಉಪಕರಣ ಇವುಗಳಲ್ಲಿ ಯಾವುದನ್ನು ಬಿಟ್ಟುಬಿಡುತ್ತಿದೆ ಎಂದು ಮೊದಲು ಗುರುತಿಸಿ. ಹೊಸದನ್ನು ಕೊಳ್ಳುವ ಅಗತ್ಯವಿದೆಯೇ ಎಂಬುದೂ ಆಗಲೇ ತಿಳಿಯುತ್ತದೆ.

ಹಂತ 1: ಬಾಟಲಿಯ ಬೆನ್ನನ್ನು ಓದಿ

ಬಾಟಲಿಯ ಹಿಂಬದಿಯಲ್ಲಿ ಘಟಕಗಳ ಪಟ್ಟಿ ಇರುತ್ತದೆ. ಪ್ರಮಾಣದಲ್ಲಿ ಹೆಚ್ಚಿರುವುದು ಮೊದಲು ಬರುತ್ತದೆ, ಅತಿ ಕಡಿಮೆ ಇರುವುದೂ ಬಣ್ಣದ ಪುಡಿಗಳೂ ಕೊನೆಯಲ್ಲಿ ಬರುತ್ತವೆ. ಬಹಳಷ್ಟು ಪಟ್ಟಿಗಳು ನೀರಿನಿಂದಲೇ ಶುರುವಾಗುತ್ತವೆ. ಅದನ್ನು ನೋಡಿ ‘ಇದು ನೀರಿನ ಆಧಾರದ್ದು’ ಎಂದು ತೀರ್ಮಾನಿಸಬೇಡಿ. ಎರಡನೆಯ ಅಥವಾ ಮೂರನೆಯ ಹೆಸರು ಡೈಮೆಥಿಕೋನ್, ಸೈಕ್ಲೋಪೆಂಟಾಸಿಲೋಕ್ಸೇನ್ ಎಂದೇನಾದರೂ ಇದ್ದರೆ ಅದು ಸಿಲಿಕೋನ್ ಆಧಾರದ ಫೌಂಡೇಶನ್ ಎಂದು ತಿಳಿಯಬಹುದು. ಹೆಸರಿನ ಬಾಲದಲ್ಲಿ ‘ಕೋನ್’ ಅಥವಾ ‘ಸಿಲೋಕ್ಸೇನ್’ ಇದ್ದರೆ ಸಾಮಾನ್ಯವಾಗಿ ಆ ಕುಲದ್ದೇ.

ಇದರಿಂದ ಉಪಕರಣಕ್ಕೇನು? ಬಹಳ ಇದೆ. ಸೈಕ್ಲೋಪೆಂಟಾಸಿಲೋಕ್ಸೇನ್‌ನಂಥ ಸಿಲಿಕೋನ್‌ಗಳು ಆವಿಯಾಗಿ ಹೋಗುತ್ತವೆ. ಬಣ್ಣ ಮತ್ತು ಅದನ್ನು ಹಿಡಿದಿಡುವ ಪದರ ಚರ್ಮದ ಮೇಲೆ ಉಳಿದು ಬಿಗಿಯುತ್ತವೆ. ಬೆವರಿಗೂ ಬಗ್ಗದೆ ಇಡೀ ದಿನ ಉಳಿಯುತ್ತದೆ ಎಂದು ಹೇಳಿಕೊಳ್ಳುವ ಫೌಂಡೇಶನ್‌ಗಳಲ್ಲಿ ಹೆಚ್ಚಿನವು ಈ ಬಗೆಯವು. ಬಿಗಿದ ಮೇಲೆ ಮತ್ತೆ ಉಜ್ಜಿದರೆ ಪದರ ಅಲ್ಲಲ್ಲಿ ಎದ್ದು ಬರುತ್ತದೆ. ಹಾಗಾಗಿ ಇದಕ್ಕೆ ಬೇಗ ಹರಡುವ ಉಪಕರಣ ಬೇಕು. ನೀರಿನಂತೆ ತೆಳ್ಳಗಿರುವ ದ್ರವಕ್ಕೆ ಒಣ ಸ್ಪಂಜ್ ಹಿಡಿದರೆ ಅರ್ಧ ಬಾಟಲಿ ಸ್ಪಂಜಿನ ಹೊಟ್ಟೆಗೇ ಹೋಗುತ್ತದೆ. ಎಣ್ಣೆಯಂಶ ಹೆಚ್ಚಿರುವ, ಹೊಳಪು ಕೊಡುವ ಫೌಂಡೇಶನ್ ಬಹಳ ಹೊತ್ತು ಜಾರುತ್ತಲೇ ಇರುತ್ತದೆ, ಅದಕ್ಕೆ ಬೆರಳೇ ಸಾಕು.

ಪಟ್ಟಿ ಓದುವುದು ಬೇಸರವೆನಿಸಿದರೆ ಹೀಗೆ ಮಾಡಿ. ಅಂಗೈಯ ಹಿಂಬದಿಗೆ ಒಂದು ಹನಿ ಹಾಕಿ, ಅಂಗಿಯ ಗುಂಡಿಯಷ್ಟು ಅಗಲಕ್ಕೆ ಹರಡಿ, ಮನಸ್ಸಿನಲ್ಲಿ ಎಣಿಸುತ್ತಾ ಆಗಾಗ ಬೆರಳ ತುದಿಯನ್ನು ಹಗುರವಾಗಿ ಎಳೆಯಿರಿ. ಮೊದಲು ಜಾರುತ್ತದೆ, ಆಮೇಲೆ ಒಂದು ಕ್ಷಣದಲ್ಲಿ ಬೆರಳು ತಡೆಯುತ್ತದೆ. ಆ ತಡೆ ಅರ್ಧ ನಿಮಿಷದೊಳಗೆ ಬಂದರೆ ಅದು ಅವಸರದ ಫೌಂಡೇಶನ್. ಎರಡು ನಿಮಿಷವಾದರೂ ಬಾರದಿದ್ದರೆ ಸಾವಧಾನದ್ದು. ನಾನು ಹೊಸ ಬಾಟಲಿ ತೆರೆದಾಗಲೆಲ್ಲ ಮಾಡುವ ಮೊದಲ ಕೆಲಸ ಇದೇ. ಅವಸರದ್ದಕ್ಕೆ ದಟ್ಟ ಬ್ರಷ್, ಸಾವಧಾನದ್ದಕ್ಕೆ ನಿಮ್ಮಿಷ್ಟ.

ಹಂತ 2: ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ

ಮುಖ ತೊಳೆದು, ಏನನ್ನೂ ಹಚ್ಚದೆ ಸ್ವಲ್ಪ ಹೊತ್ತು ಬಿಟ್ಟು, ಹಗಲು ಬೆಳಕಿನಲ್ಲಿ ಮೂರು ಜಾಗಗಳನ್ನು ನೋಡಿ: ಮೂಗಿನ ಎರಡೂ ಬದಿ, ತುಟಿಯ ಸುತ್ತ, ಕೆನ್ನೆಯ ಮೇಲ್ಭಾಗ.

ಚರ್ಮ ಸಣ್ಣ ಸಣ್ಣ ಸಿಪ್ಪೆಗಳಾಗಿ ಎದ್ದಿದ್ದರೆ ದಟ್ಟ ಬ್ರಷ್ ನಿಮ್ಮ ವೈರಿ. ಇದನ್ನು ನಾನು ಕಲಿತದ್ದು ಒಂದು ಚಳಿಗಾಲದಲ್ಲಿ. ಗಿಡ್ಡ ಎಳೆಗಳ, ಮೇಲ್ಭಾಗ ಸಮತಟ್ಟಾಗಿದ್ದ ಹೊಸ ಬ್ರಷ್ ತಂದ ಉತ್ಸಾಹದಲ್ಲಿ ಮೂಗಿನ ಸುತ್ತ ಗರಗರ ತಿರುಗಿಸಿದೆ. ಅಲ್ಲಿಯವರೆಗೆ ಕಣ್ಣಿಗೆ ಕಾಣದೆ ಮಲಗಿದ್ದ ಒಣ ಸಿಪ್ಪೆಗಳೆಲ್ಲ ಎದ್ದು ನಿಂತು, ಪ್ರತಿಯೊಂದೂ ತನ್ನ ಪಾಲಿನ ಬಣ್ಣ ಹಿಡಿದುಕೊಂಡಿತು. ಇನ್ನಷ್ಟು ಉಜ್ಜಿದೆ, ಇನ್ನಷ್ಟು ಎದ್ದವು. ಕೊನೆಗೆ ಎಲ್ಲವನ್ನೂ ತೊಳೆದುಕೊಂಡು ಬರಿ ಮುಖದಲ್ಲೇ ಹೊರಟೆ. ಒಣ ಚರ್ಮಕ್ಕೆ ತಟ್ಟುವ ಉಪಕರಣ ಬೇಕು, ಉಜ್ಜುವುದಲ್ಲ: ಒದ್ದೆ ಸ್ಪಂಜ್, ಇಲ್ಲವೇ ಬೆರಳು. ಆದರೂ ಮೊದಲು ಮಾಯಿಶ್ಚರೈಸರ್ ಹಚ್ಚಿ ಅದು ಇಳಿಯಲು ಕೆಲವು ನಿಮಿಷ ಬಿಡದಿದ್ದರೆ ಯಾವ ಉಪಕರಣವೂ ಪವಾಡ ಮಾಡುವುದಿಲ್ಲ.

ಚರ್ಮರಂಧ್ರಗಳು ದೊಡ್ಡದಾಗಿ ಕಾಣುವ ಎಣ್ಣೆ ಚರ್ಮದಲ್ಲಿ ಲೆಕ್ಕ ತಿರುಗುಮುರುಗು. ಒಂದೇ ದಿಕ್ಕಿಗೆ ಸವರಿದರೆ ದ್ರವ ರಂಧ್ರದ ಒಂದು ಅಂಚಿಗೆ ಸೇರಿಕೊಂಡು ಇನ್ನೊಂದು ಅಂಚು ಖಾಲಿ ಉಳಿಯುತ್ತದೆ, ರಂಧ್ರ ಇನ್ನಷ್ಟು ಎದ್ದು ಕಾಣುತ್ತದೆ. ದಟ್ಟ ಬ್ರಷ್ ಅನ್ನು ಸಣ್ಣ ಸಣ್ಣ ವೃತ್ತಗಳಲ್ಲಿ ಹಗುರವಾಗಿ ತಿರುಗಿಸಿದರೆ ಎಲ್ಲ ದಿಕ್ಕಿನಿಂದಲೂ ತುಂಬುತ್ತದೆ. ಕೊನೆಯಲ್ಲಿ ಸ್ಪಂಜಿನಿಂದ ಒಮ್ಮೆ ಒತ್ತಿ ಹೆಚ್ಚಾದದ್ದನ್ನು ತೆಗೆಯಿರಿ.

ಮೊಡವೆ ಇರುವವರು ಉಜ್ಜಾಟವನ್ನೂ ಕೊಳೆಯನ್ನೂ ದೂರವಿಡಬೇಕು. ಹಗುರವಾಗಿ ತಟ್ಟುವ, ಸುಲಭವಾಗಿ ತೊಳೆಯಬಹುದಾದ ಸಿಂಥೆಟಿಕ್ ಬ್ರಷ್ ಅವರಿಗೆ ಹೊಂದುತ್ತದೆ. ಕಣ್ಣಿನ ಕೆಳಗೆ, ನಗುವಾಗ ಮೂಡುವ ಗೆರೆಗಳ ಮೇಲೆ ಪದರ ತೆಳ್ಳಗಿದ್ದಷ್ಟೂ ಒಳ್ಳೆಯದು, ಅಲ್ಲಿ ಸ್ಪಂಜಿಗೆ ಸಾಟಿಯಿಲ್ಲ. ಕೆನ್ನೆ, ದವಡೆಗಳ ಮೇಲೆ ನವಿರಾದ ರೋಮ ಹೆಚ್ಚಿದ್ದರೆ ಕೊನೆಯ ಕೈ ಮೇಲಿನಿಂದ ಕೆಳಕ್ಕೆ ಇರಲಿ. ಮೇಲ್ಮುಖವಾಗಿ ಸವರಿದರೆ ರೋಮ ಎದ್ದು ಬಣ್ಣ ಹಿಡಿಯುತ್ತದೆ.

ಹಂತ 3: ಎಷ್ಟು ಮುಚ್ಚಬೇಕು?

ಇದು ಚಿಕ್ಕ ಪ್ರಶ್ನೆ. ಚರ್ಮದ ಬಣ್ಣ ಸಮವಾಗಿ ಕಂಡರೆ ಸಾಕು ಎನ್ನುವವರಿಗೆ ಒದ್ದೆ ಸ್ಪಂಜ್ ಅಥವಾ ಬೆರಳು. ಕಲೆಗಳು ಮಸುಕಾಗಬೇಕು ಎನ್ನುವವರಿಗೆ ಎಳೆಗಳು ಬಿಡಿಬಿಡಿಯಾಗಿರುವ ಸ್ಟಿಪ್ಲಿಂಗ್ ಬ್ರಷ್. ಪೂರ್ತಿ ಮುಚ್ಚಬೇಕಿದ್ದರೆ ದಟ್ಟ ಬ್ರಷ್. ಸ್ಪಂಜಿನಿಂದ ಫುಲ್ ಕವರೇಜ್ ಸಾಧ್ಯವಿಲ್ಲವೆಂದಲ್ಲ. ಎರಡು ಮೂರು ತೆಳು ಪದರ ಹಾಕಬೇಕು, ಅಷ್ಟು ದ್ರವವೂ ಅಷ್ಟು ಹೊತ್ತೂ ಖರ್ಚಾಗುತ್ತದೆ. ನನ್ನ ಅನುಭವದಲ್ಲಿ ಇಡೀ ಮುಖಕ್ಕೆ ಫುಲ್ ಕವರೇಜ್ ಬೇಕಾಗುವುದು ಅಪರೂಪ. ಮುಖಕ್ಕೆಲ್ಲ ತೆಳುವಾಗಿ ಹಚ್ಚಿ, ಕಲೆಯಿರುವ ಕಡೆ ಮಾತ್ರ ಬೆರಳ ತುದಿಯಿಂದ ಇನ್ನೊಂದು ಹನಿ ಒತ್ತಿದರೆ ಕೆಲಸ ಮುಗಿಯುತ್ತದೆ.

ಹಂತ 4: ಉಪಕರಣಗಳನ್ನು ಒಂದೊಂದಾಗಿ ಅಳೆಯಿರಿ

*ಬೆರಳು*

ಬೆರಳನ್ನು ಕೀಳಾಗಿ ಕಾಣುವವರುಂಟು. ನಾನು ಆ ಗುಂಪಿನವಳಲ್ಲ. ಅದರ ಬಿಸಿಗೆ ದ್ರವ ತೆಳುವಾಗಿ ಚರ್ಮಕ್ಕೆ ಚೆನ್ನಾಗಿ ಕೂರುತ್ತದೆ, ಏನನ್ನೂ ಹೀರಿಕೊಳ್ಳುವುದಿಲ್ಲ, ಯಾವಾಗಲೂ ಜೊತೆಗಿರುತ್ತದೆ. ಹೊಳಪಿನ ತೆಳು ಫೌಂಡೇಶನ್‌ಗೆ ಇದಕ್ಕಿಂತ ಉತ್ತಮವಾದದ್ದು ಬೇಕಿಲ್ಲ. ಆದರೆ ಮೂಗಿನ ಮೂಲೆ, ಕೂದಲ ಅಂಚು, ದವಡೆಯ ಗೆರೆ ಈ ಮೂರು ಕಡೆ ಬೆರಳು ಸೋಲುತ್ತದೆ. ಬೇಗ ಬಿಗಿಯುವ ಫೌಂಡೇಶನ್‌ನಲ್ಲಿ ಬೆರಳಚ್ಚೂ ಉಳಿಯುತ್ತದೆ. ಉಂಗುರ ಬೆರಳು ಮತ್ತು ನಡುಬೆರಳನ್ನು ಬಳಸಿ, ತೋರುಬೆರಳು ಗೊತ್ತಿಲ್ಲದೆಯೇ ಹೆಚ್ಚು ಬಲ ಹಾಕುತ್ತದೆ. ಕೈ ಸೋಪಿನಿಂದ ತೊಳೆದಿರಬೇಕು, ಉಗುರಿನ ಸಂದಿಯೂ ಸೇರಿ.

*ಬ್ರಷ್*

ಮೊದಲು ಎಳೆಯ ವಿಷಯ. ಪ್ರಾಣಿಗಳ ಕೂದಲಿನ ಮೇಲ್ಮೈಯಲ್ಲಿ ಮೀನಿನ ಹುರುಪೆಯಂಥ ಸೂಕ್ಷ್ಮ ಪದರಗಳಿರುತ್ತವೆ. ಪುಡಿಯನ್ನು ಹಿಡಿದಿಟ್ಟು ಸ್ವಲ್ಪಸ್ವಲ್ಪವೇ ಬಿಡಲು ಅದು ಬಹಳ ಒಳ್ಳೆಯದು. ಆದರೆ ದ್ರವ ಆ ಸಂದಿಗಳಲ್ಲಿ ಸೇರಿಕೊಂಡು ಕೂದಲು ಹೀರಿಕೊಳ್ಳುತ್ತದೆ, ಜೋತು ಬೀಳುತ್ತದೆ, ತೊಳೆದರೂ ಪೂರ್ತಿ ಹೋಗುವುದಿಲ್ಲ. ನೈಲಾನ್ ಅಥವಾ ಪಾಲಿಯೆಸ್ಟರ್‌ನ ಸಿಂಥೆಟಿಕ್ ಎಳೆ ನುಣುಪಾಗಿರುತ್ತದೆ. ದ್ರವ ಹೊರಗೇ ಉಳಿದು ಮುಖಕ್ಕೆ ಇಳಿಯುತ್ತದೆ. 1938ರಲ್ಲಿ ಹಲ್ಲುಜ್ಜುವ ಬ್ರಷ್‌ಗೆ ನೈಲಾನ್ ಎಳೆ ಬಂದಾಗ ಹಂದಿಯ ಕೂದಲಿನ ಬದಲಿಗೆ ಅದನ್ನು ಜನ ಒಪ್ಪಿಕೊಂಡ ಕಾರಣಗಳಲ್ಲಿ ಇದೂ ಒಂದು: ಬೇಗ ಒಣಗುತ್ತದೆ. ಆದ್ದರಿಂದ ಲಿಕ್ವಿಡ್ ಫೌಂಡೇಶನ್‌ಗೆ ಸಿಂಥೆಟಿಕ್ ಬ್ರಷ್ಷೇ ಸರಿ. ಮೇಕೆ, ಅಳಿಲು ಕೂದಲಿನ ದುಬಾರಿ ಬ್ರಷ್‌ಗಳನ್ನು ಪೌಡರ್‌ಗೆ ಬಿಟ್ಟುಬಿಡಿ. ಇಲ್ಲಿ ಬೆಲೆ ಹೆಚ್ಚಿದಷ್ಟೂ ಕೆಲಸ ಕೆಡುತ್ತದೆ ಎಂಬುದು ತಮಾಷೆಯಾದರೂ ನಿಜ.

ಇನ್ನು ಆಕಾರ. ಚಪ್ಪಟೆಯಾಗಿ, ತುದಿ ದುಂಡಾಗಿರುವ ಬ್ರಷ್ ಹಳೆಯ ಮಾದರಿ. ಗೋಡೆಗೆ ಬಣ್ಣ ಬಳಿದಂತೆ ಎಳೆಗಳ ಗೆರೆ ಬಿಡುತ್ತದೆ. ಹರಡಲು ಬಳಸಿ ಆಮೇಲೆ ಸ್ಪಂಜಿನಿಂದ ಒತ್ತುವವರಿಗೆ ಮಾತ್ರ ಇದು ಸರಿ. ಹೊಸಬರು ಇದನ್ನೇ ಮೊದಲು ಕೊಳ್ಳುತ್ತಾರೆ, ಏಕೆಂದರೆ ಅದರ ಮೇಲೆ ‘ಫೌಂಡೇಶನ್ ಬ್ರಷ್’ ಎಂದು ಬರೆದಿರುತ್ತದೆ. ಬರೆದದ್ದನ್ನೆಲ್ಲ ನಂಬಬೇಡಿ.

ಸಮತಟ್ಟಾದ ತಲೆಯ ದಟ್ಟ ಬ್ರಷ್ ಅನ್ನು ಕಬುಕಿ ಎಂದೂ ಬಫಿಂಗ್ ಬ್ರಷ್ ಎಂದೂ ಕರೆಯುತ್ತಾರೆ. ಎಳೆ ಗಿಡ್ಡದಾಗಿ ಒತ್ತೊತ್ತಾಗಿರುವುದರಿಂದ ದ್ರವ ಬುಡಕ್ಕೆ ಇಳಿಯದೆ ತುದಿಯಲ್ಲೇ ಇರುತ್ತದೆ. ಬೇಗ ಕೆಲಸ, ಹೆಚ್ಚು ಕವರೇಜ್. ತಲೆ ಕೊಂಚ ಗುಮ್ಮಟದಂತೆ ದುಂಡಾಗಿದ್ದರೆ ಮೂಗಿನ ಬದಿಗೂ ಹೋಗುತ್ತದೆ. ಒಂದೇ ಬ್ರಷ್ ಕೊಳ್ಳುವುದಾದರೆ ನಾನು ಈ ಗುಮ್ಮಟದ ತಲೆಯದನ್ನೇ ಹೇಳುತ್ತೇನೆ. ಅಗಲ ನಿಮ್ಮ ಎರಡು ಬೆರಳು ಜೋಡಿಸಿದಷ್ಟಿರಲಿ. ಅದಕ್ಕಿಂತ ದೊಡ್ಡದಾದರೆ ಕಣ್ಣಿನ ಕೆಳಗೆ ಹೋಗುವುದಿಲ್ಲ, ಚಿಕ್ಕದಾದರೆ ಹಣೆ ಮುಗಿಯುವಷ್ಟರಲ್ಲಿ ಕೆನ್ನೆ ಒಣಗಿರುತ್ತದೆ.

ಸ್ಟಿಪ್ಲಿಂಗ್ ಬ್ರಷ್‌ನಲ್ಲಿ ಎರಡು ಎತ್ತರದ ಎಳೆಗಳಿರುತ್ತವೆ. ಹೆಚ್ಚಾಗಿ ಕೆಳಗೆ ಕಪ್ಪು, ಮೇಲೆ ಬಿಡಿಬಿಡಿಯಾದ ಬಿಳಿ ತುದಿಗಳು. ಆ ಬಿಳಿ ತುದಿಗಳು ಮಾತ್ರ ಚರ್ಮಕ್ಕೆ ತಾಗುವಂತೆ ಚುಕ್ಕಿ ಚುಕ್ಕಿಯಾಗಿ ತಟ್ಟಿದರೆ ಗಾಳಿಯಾಡಿದಂತೆ ಹಗುರವಾದ ಪದರ ಬರುತ್ತದೆ. ಇದನ್ನು ಹಿಡಿದು ಉಜ್ಜುವವರೇ ಹೆಚ್ಚು. ಹಾಗೆ ಉಜ್ಜಿದರೆ ಉದ್ದ ಎಳೆಗಳು ಅಡ್ಡಬಿದ್ದು ಗೆರೆ ಎಳೆಯುತ್ತವೆ, ಆಮೇಲೆ ಬ್ರಷ್‌ಗೆ ಬೈಗುಳ.

ಹಲ್ಲುಜ್ಜುವ ಬ್ರಷ್‌ನಂತೆ ಹಿಡಿಯುವ ಅಂಡಾಕಾರದ ಬ್ರಷ್ ನೋಡಲು ಚೆಂದ, ಹರಡುವುದೂ ಬೇಗ. ಆದರೆ ಅತಿ ದಟ್ಟವಾದ ಎಳೆಗಳ ಬುಡದ ಕೊಳೆ ತೊಳೆಯುವುದು ಕಷ್ಟ, ಒಣಗುವುದಂತೂ ಇನ್ನೂ ನಿಧಾನ.

*ಸ್ಪಂಜ್*

ಒದ್ದೆ ಸ್ಪಂಜ್ ಹೊಸ ಕಾಲದ ಆವಿಷ್ಕಾರವಲ್ಲ. 1930ರ ದಶಕದಲ್ಲಿ ಬಣ್ಣದ ಚಲನಚಿತ್ರಗಳಿಗೆಂದು ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ ತಂದ ಪ್ಯಾನ್-ಕೇಕ್ ಮೇಕಪ್ ಅನ್ನು ಹಚ್ಚುತ್ತಿದ್ದುದೇ ಒದ್ದೆ ಸ್ಪಂಜಿನಿಂದ. ಆಮೇಲೆ ಬಹುಕಾಲ ತ್ರಿಕೋನದ ತುಂಡುಗಳ ರಾಜ್ಯವಾಯಿತು. ಅವುಗಳ ತೊಂದರೆಯೆಂದರೆ ಅಂಚು: ಒತ್ತಿದ ಕಡೆಯೆಲ್ಲ ಚೂಪು ಅಂಚಿನ ಗೆರೆ ಉಳಿಯುತ್ತಿತ್ತು. ಹೈ ಡೆಫಿನಿಷನ್ ಕ್ಯಾಮೆರಾ ಬಂದ ಮೇಲೆ ಆ ಗೆರೆ ತೆರೆಯ ಮೇಲೂ ಕಾಣತೊಡಗಿತು. ಟಿವಿ ಧಾರಾವಾಹಿಗಳಿಗೆ ಕೆಲಸ ಮಾಡುತ್ತಿದ್ದ ಅಮೆರಿಕದ ಮೇಕಪ್ ಕಲಾವಿದೆ ರಿಯಾ ಆನ್ ಸಿಲ್ವಾ ತ್ರಿಕೋನ ಸ್ಪಂಜುಗಳ ಅಂಚನ್ನು ಕತ್ತರಿಸಿ ದುಂಡಾಗಿಸಿ ಬಳಸುತ್ತಿದ್ದರು. ಅದರಿಂದಲೇ 2003ರಲ್ಲಿ ಬ್ಯೂಟಿಬ್ಲೆಂಡರ್ ಎಂಬ ಹನಿಯಾಕಾರದ ಸ್ಪಂಜ್ ಬಂತು. ಇವತ್ತು ಎಲ್ಲ ಕಂಪನಿಗಳೂ ಮಾರುವುದು ಅದರ ಮರಿಗಳನ್ನೇ. ಸ್ಪಂಜ್ ಕೊಳ್ಳುವಾಗ ಈ ಕಥೆಯನ್ನು ನೆನಪಿಟ್ಟುಕೊಂಡರೆ ಸಾಕು: ಬಣ್ಣಕ್ಕಿಂತ, ಹೆಸರಿಗಿಂತ, ಅಂಚಿಲ್ಲದಿರುವುದೇ ಅದರ ಗುಣ. ಎರಡು ಭಾಗಗಳ ಅಚ್ಚು ಕೂಡಿದ ಕಡೆ ಉಬ್ಬು ಗೆರೆಯಿರುವ ಅಗ್ಗದ ಸ್ಪಂಜ್ ಸಿಕ್ಕರೆ ಕೈಬಿಡಿ.

ಒದ್ದೆ ಮಾಡುವುದು ಏಕೆ? ಸ್ಪಂಜಿನ ಸಣ್ಣ ಗೂಡುಗಳಲ್ಲಿ ನೀರು ಮೊದಲೇ ಜಾಗ ಹಿಡಿದರೆ ಫೌಂಡೇಶನ್‌ಗೆ ಒಳಗೆ ಇಳಿಯಲು ಜಾಗ ಕಡಿಮೆ. ಸ್ಪಂಜ್ ಉಬ್ಬಿ ಮೆತ್ತಗೂ ಆಗುತ್ತದೆ. ಕ್ರಮ ಹೀಗಿದೆ: ನಲ್ಲಿಯ ಕೆಳಗೆ ಹಿಡಿದು ನಾಲ್ಕಾರು ಬಾರಿ ಹಿಂಡಿ ಬಿಡಿ, ಅದು ಪೂರ್ತಿ ಉಬ್ಬಲಿ. ಆಮೇಲೆ ನೀರು ಬೀಳದಷ್ಟು ಹಿಂಡಿ. ಆಮೇಲೆ ಒಣ ಟವೆಲ್‌ನೊಳಗೆ ಸುತ್ತಿ ಇನ್ನೊಮ್ಮೆ ಹಿಂಡಿ. ಈ ಮೂರನೆಯ ಹಿಂಡುವಿಕೆಯನ್ನು ಬಿಟ್ಟವರೇ ‘ಸ್ಪಂಜಿನಿಂದ ಫೌಂಡೇಶನ್ ನೀರಾಗುತ್ತದೆ’ ಎಂದು ದೂರುವುದು. ಕೆನ್ನೆಗೆ ಒತ್ತಿದಾಗ ತಂಪೆನಿಸಬೇಕು, ಒದ್ದೆ ಗುರುತು ಉಳಿಯಬಾರದು.

ದ್ರವವನ್ನು ಸ್ಪಂಜಿನ ಮೇಲೆ ಸುರಿಯಬೇಡಿ. ಅಂಗೈಯ ಹಿಂಬದಿಗೆ ಹಾಕಿಕೊಂಡು, ಬೆರಳಿನಿಂದ ಮುಖದ ಮೇಲೆ ಚುಕ್ಕಿಯಿಟ್ಟು, ಸ್ಪಂಜಿನ ದುಂಡು ಬುಡದಿಂದ ತಟ್ಟಿ. ನೆಲಕ್ಕೆ ಬಿದ್ದ ಚೆಂಡು ಪುಟಿದಂತೆ, ತಾಗಿದ ತಕ್ಷಣ ಮೇಲೇಳಬೇಕು, ಎಳೆಯಬಾರದು. ಚೂಪು ತುದಿ ಮೂಗಿನ ಮೂಲೆಗೆ, ಕಣ್ಣಿನ ಕೆಳಗೆ.

ವಸ್ತುವಿನ ಬಗ್ಗೆ ಒಂದು ಎಚ್ಚರಿಕೆ: ಕೆಲವು ಸ್ಪಂಜುಗಳಲ್ಲಿ ಲೇಟೆಕ್ಸ್ ಇರುತ್ತದೆ. ರಬ್ಬರ್ ಕೈಗವಸು ಅಥವಾ ಬಲೂನು ತಾಗಿದರೆ ತುರಿಕೆಯಾಗುವವರು ‘ಲೇಟೆಕ್ಸ್ ರಹಿತ’ ಎಂದು ಬರೆದಿರುವುದನ್ನೇ ಕೊಳ್ಳಬೇಕು.

*ಉಳಿದವು*

ಪಾರದರ್ಶಕ ಸಿಲಿಕೋನ್ ಪ್ಯಾಡ್ 2016ರ ಸುಮಾರಿಗೆ ಒಂದು ಗಾಳಿಯಂತೆ ಬೀಸಿ ಹೋಯಿತು. ಒಂದು ಹನಿಯನ್ನೂ ಹೀರುವುದಿಲ್ಲ ಎಂಬುದು ಅದರ ಹೆಗ್ಗಳಿಕೆ. ಎತ್ತಿಕೊಳ್ಳುವ ಕೆಲಸವೇ ಅದಕ್ಕೆ ಬಾರದು ಎಂಬುದು ಅದೇ ಮಾತಿನ ಇನ್ನೊಂದು ಮಗ್ಗುಲು. ದ್ರವ ಮುಖದ ಮೇಲೆ ಸುಮ್ಮನೆ ಜಾರಾಡುತ್ತದೆ. ನಾನು ಎರಡು ವಾರ ಪ್ರಯತ್ನಿಸಿ ಬಿಟ್ಟೆ. ಕುಶನ್ ಫೌಂಡೇಶನ್ (ಡಬ್ಬಿಯೊಳಗಿನ ಮೆತ್ತೆಗೆ ದ್ರವ ಹೀರಿಸಿಟ್ಟದ್ದು) ಜೊತೆ ಬರುವ ತೆಳು ಪಫ್ ತನ್ನ ಡಬ್ಬಿಯ ದ್ರವಕ್ಕೆ ಹೇಳಿ ಮಾಡಿಸಿದ್ದು, ಬಾಟಲಿಯ ದಪ್ಪ ಫೌಂಡೇಶನ್‌ಗೂ ಒತ್ತುವ ಕೆಲಸಕ್ಕೆ ಬರುತ್ತದೆ. ಲೋಹದ ತೆಳು ಸ್ಪ್ಯಾಚುಲಾದಿಂದ ಕಾಗದದಷ್ಟು ತೆಳುವಾಗಿ ಸವರಿ ಆಮೇಲೆ ಸ್ಪಂಜಿನಿಂದ ಒತ್ತುವ ಕ್ರಮವೂ ಇದೆ. ಕೈ ಪಳಗಿದವರಿಗೆ ಸೊಗಸಾಗಿ ಬರುತ್ತದೆ. ಗಾಳಿಯ ಒತ್ತಡದಿಂದ ದ್ರವವನ್ನು ಸಿಂಪಡಿಸುವ ಏರ್‌ಬ್ರಷ್ ವೃತ್ತಿಯವರ ಕೆಲಸ, ಅದಕ್ಕೆ ಕಂಪ್ರೆಸರ್ ಬೇಕು, ಅದಕ್ಕೇ ತಯಾರಾದ ತೆಳು ದ್ರವ ಬೇಕು. ಮನೆಯ ಬಳಕೆಗೆ ಮರೆತುಬಿಡಿ.

ಹಂತ 5: ಕೊಳ್ಳುವ ಮುನ್ನ ಕೈಯಲ್ಲಿ ಹಿಡಿದು ಪರೀಕ್ಷಿಸಿ

ಬ್ರಷ್ ಆದರೆ ಎಳೆಗಳನ್ನು ಹಗುರವಾಗಿ ಹಿಡಿದು ಎಳೆಯಿರಿ. ಹೊಸದರಲ್ಲಿ ಒಂದೆರಡು ಎಳೆ ಬಂದರೆ ಸರಿ, ಎಳೆದಷ್ಟೂ ಬರುತ್ತಿದ್ದರೆ ಅಂಟು ಕಳಪೆ. ಮುಂದೊಂದು ದಿನ ಆ ಎಳೆಗಳನ್ನು ಒದ್ದೆ ಫೌಂಡೇಶನ್‌ನಿಂದ ಉಗುರಿನಲ್ಲಿ ಕಿತ್ತು ತೆಗೆಯುವ ಪಾಡು ನಿಮ್ಮದಾಗುತ್ತದೆ. ತಲೆಯನ್ನು ಅಂಗೈಗೆ ಒತ್ತಿ ಬಿಡಿ, ತಕ್ಷಣ ಮೊದಲಿನ ಆಕಾರಕ್ಕೆ ಬರಬೇಕು. ಮಣಿಕಟ್ಟಿನ ಒಳಬದಿಗೆ ಉಜ್ಜಿ, ಚುಚ್ಚಿದರೆ ಮುಖಕ್ಕೂ ಚುಚ್ಚುತ್ತದೆ. ಎಳೆಗಳನ್ನು ಹಿಡಿದಿರುವ ಲೋಹದ ಕೊಳವೆ ಅಲುಗಾಡಬಾರದು. ಹಿಡಿಯ ಉದ್ದದ ಬಗ್ಗೆ ಯಾರೂ ಹೇಳುವುದಿಲ್ಲ: ಕನ್ನಡಿಗೆ ಅಂಟಿಕೊಂಡು ಮೇಕಪ್ ಮಾಡಿಕೊಳ್ಳುವ ದೃಷ್ಟಿ ದೋಷದವರಿಗೆ ಉದ್ದ ಹಿಡಿ ಕನ್ನಡಿಗೆ ಬಡಿಯುತ್ತದೆ. ನನ್ನಂಥವರಿಗೆ ಗಿಡ್ಡ ಹಿಡಿಯೇ ವಾಸಿ.

ಸ್ಪಂಜ್ ಆದರೆ ಹೆಬ್ಬೆರಳಿನಿಂದ ಒತ್ತಿ ಬಿಡಿ. ಗುಳಿ ನಿಧಾನವಾಗಿ, ಆದರೆ ಪೂರ್ತಿಯಾಗಿ ತುಂಬಬೇಕು. ಇಟ್ಟಿಗೆಯಂತೆ ಗಟ್ಟಿಯಿದ್ದರೆ ಮುಖದ ಮೇಲಿನ ದ್ರವವನ್ನು ತಟ್ಟುವ ಬದಲು ತಳ್ಳುತ್ತದೆ. ಮನೆಗೆ ತಂದ ಮೇಲೆ ಒದ್ದೆ ಮಾಡಿದಾಗ ಕಣ್ಣಿಗೆ ಕಾಣುವಷ್ಟು ಉಬ್ಬದಿದ್ದರೆ ಅದು ನೀರು ಹಿಡಿಯುವ ಜಾತಿಯದಲ್ಲ. ಗಾಢ ಬಣ್ಣದ ಸ್ಪಂಜನ್ನು ಮೊದಲ ಬಾರಿಗೆ ನೀರು ಬಣ್ಣ ಬಿಡದವರೆಗೆ ತೊಳೆಯಿರಿ. ಕಪ್ಪು ಸ್ಪಂಜ್ ಬೇಡವೆಂಬುದು ನನ್ನ ಹಟ. ಅದರಲ್ಲಿ ಕೊಳೆ ಕಾಣುವುದಿಲ್ಲ, ಕಾಣದ ಕೊಳೆಯನ್ನು ಯಾರೂ ತೊಳೆಯುವುದಿಲ್ಲ.

ಹಂತ 6: ಅರ್ಧ ಮುಖದ ಪರೀಕ್ಷೆ

ಇಲ್ಲಿಯವರೆಗಿನದು ಊಹೆ, ಇದು ತೀರ್ಪು. ಹೊರಗೆ ಹೋಗುವ ಕೆಲಸವಿಲ್ಲದ ದಿನ ಬೆಳಿಗ್ಗೆ ಮಾಡಿ.

ಮುಖದ ಎರಡೂ ಬದಿಗೆ ಒಂದೇ ಮಾಯಿಶ್ಚರೈಸರ್, ಅಳೆದು ಒಂದೇ ಪ್ರಮಾಣದ ಫೌಂಡೇಶನ್. ಒಂದು ಬದಿಗೆ ಒಂದು ಉಪಕರಣ, ಇನ್ನೊಂದು ಬದಿಗೆ ಇನ್ನೊಂದು. ಪೌಡರ್ ಬೇಡ, ಅದು ತಪ್ಪನ್ನೆಲ್ಲ ಮುಚ್ಚುತ್ತದೆ. ಹಚ್ಚಿ ಮುಗಿಸಿದ ತಕ್ಷಣ ಒಂದು ಫೋಟೋ, ಹತ್ತು ನಿಮಿಷಕ್ಕೆ ಇನ್ನೊಂದು, ನಾಲ್ಕು ಗಂಟೆ ಕಳೆದ ಮೇಲೆ ಮತ್ತೊಂದು. ಫೋಟೋಗಳನ್ನು ಕಿಟಕಿಯ ಪಕ್ಕ ನಿಂತು ತೆಗೆಯಿರಿ. ಸ್ನಾನದ ಕೋಣೆಯ ದೀಪ ಎಲ್ಲರನ್ನೂ ಸುಂದರವಾಗಿಸುತ್ತದೆ, ಅದರ ಸಾಕ್ಷ್ಯ ನಡೆಯುವುದಿಲ್ಲ.

ಮೊದಲ ಫೋಟೋದಲ್ಲಿ ಸಾಮಾನ್ಯವಾಗಿ ಬ್ರಷ್ ಗೆಲ್ಲುತ್ತದೆ. ಅದು ಹೆಚ್ಚು ಮುಚ್ಚಿರುತ್ತದೆ. ನಾಲ್ಕು ಗಂಟೆಯ ಫೋಟೋದಲ್ಲಿ ಮೂಗಿನ ಮೂಲೆಯನ್ನು ದೊಡ್ಡದು ಮಾಡಿ ನೋಡಿ. ಅಲ್ಲಿ ಬಣ್ಣ ಒಡೆದು ದ್ವೀಪಗಳಂತಾಗಿದೆಯೇ? ನಗುವಿನ ಗೆರೆಯಲ್ಲಿ ದಾರ ಎಳೆದಂತೆ ಸೇರಿಕೊಂಡಿದೆಯೇ? ಹಾಗಾಗಿದ್ದರೆ ಆ ಬದಿಗೆ ಬಿದ್ದ ಪದರ ದಪ್ಪ. ನನ್ನ ಮುಖದಲ್ಲಿ ಬ್ರಷ್‌ನ ಬದಿ ಹತ್ತು ನಿಮಿಷಕ್ಕೆ ಮೆರೆದು ಮಧ್ಯಾಹ್ನಕ್ಕೆ ಸೋತಿತು, ಸ್ಪಂಜಿನ ಬದಿ ಸಂಜೆಯವರೆಗೂ ಇದ್ದಂತೆಯೇ ಇತ್ತು. ನಿಮ್ಮದರಲ್ಲಿ ಉಲ್ಟಾ ಬರಬಹುದು.

ಎರಡೂ ಬದಿ ಅರೆಬರೆ ಎನಿಸಿದರೆ ಎರಡನ್ನೂ ಕೂಡಿಸಿ. ದಟ್ಟ ಬ್ರಷ್‌ನಿಂದ ಹಣೆ, ಒಂದು ಕೆನ್ನೆ, ಇನ್ನೊಂದು ಕೆನ್ನೆ, ಗಲ್ಲ ಎಂದು ಭಾಗ ಮಾಡಿಕೊಂಡು ಬೇಗ ಹರಡಿ. ಒಂದು ಭಾಗ ಮುಗಿದ ಕೂಡಲೇ, ಬಿಗಿಯುವ ಮೊದಲೇ, ಒದ್ದೆ ಸ್ಪಂಜಿನಿಂದ ತಟ್ಟಿ. ಹರಡುವುದು ಬ್ರಷ್‌ನ ಪಾಲು, ಒತ್ತಿ ಎತ್ತಿಕೊಳ್ಳುವುದು ಸ್ಪಂಜಿನ ಪಾಲು. ಬೇಗ ಬಿಗಿಯುವ ಫೌಂಡೇಶನ್ ಮತ್ತು ಒಣ ಚರ್ಮ ಎರಡೂ ಒಟ್ಟಿಗೆ ಇರುವವರಿಗೆ ನನಗೆ ಗೊತ್ತಿರುವ ದಾರಿ ಇದೊಂದೇ. ಆಗ ಬ್ರಷ್ ಅನ್ನು ತಿರುಗಿಸದೆ ಹಗುರವಾಗಿ ಒತ್ತುತ್ತಾ ಹರಡಬೇಕು.

ಹಂತ 7: ತೊಳೆಯುವ ಲೆಕ್ಕ

ಇದನ್ನು ಕೊನೆಗೆ ಇಟ್ಟಿದ್ದೇನೆ, ಆದರೆ ಉಪಕರಣ ಆರಿಸುವಾಗ ಮೊದಲು ಯೋಚಿಸಬೇಕಾದದ್ದು ಇದೇ. ಬ್ರಿಟನ್‌ನ ಆಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಜನರು ಬಳಸುತ್ತಿದ್ದ ಮೇಕಪ್ ವಸ್ತುಗಳನ್ನು ಸಂಗ್ರಹಿಸಿ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವುಗಳಲ್ಲಿದ್ದ ಸ್ಪಂಜುಗಳ ಪೈಕಿ ಶೇ 93ರಷ್ಟನ್ನು ಒಮ್ಮೆಯೂ ತೊಳೆದಿರಲಿಲ್ಲ. ಶೇ 64ರಷ್ಟು ಬಳಕೆಯ ನಡುವೆ ನೆಲಕ್ಕೆ ಬಿದ್ದಿದ್ದವು. ಅವುಗಳಲ್ಲಿ ಬ್ಯಾಕ್ಟೀರಿಯಾ ತುಂಬಿದ್ದುದರಲ್ಲಿ ಆಶ್ಚರ್ಯವಿಲ್ಲ. ಒದ್ದೆ, ಎಣ್ಣೆ, ಚರ್ಮದ ಸಿಪ್ಪೆ, ಕತ್ತಲೆ: ಅವಕ್ಕೆ ಇನ್ನೇನು ಬೇಕು?

ಅಂಕಿಗಳಿಗಿಂತ ನನ್ನನ್ನು ಹೆದರಿಸಿದ್ದು ನನ್ನದೇ ಸ್ಪಂಜ್. ಹೊರಗೆ ತೊಳೆದು ತೊಳೆದು ಗುಲಾಬಿಯಾಗಿಯೇ ಇತ್ತು. ಬಿಸಾಡುವ ಮೊದಲು ಕುತೂಹಲಕ್ಕೆ ಬ್ಲೇಡಿನಿಂದ ಎರಡು ಹೋಳು ಮಾಡಿದೆ. ಹೊರಗಿನಿಂದ ಬೆರಳ ಅಗಲದಷ್ಟು ಒಳಕ್ಕೆ ಕಂದು ಬಣ್ಣದ ಉಂಗುರ. ಅದರ ಒಳ ಅಂಚಿನಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು. ಬೂಷ್ಟು. ಅಂದಿನಿಂದ ಎರಡು ನಿಯಮ ಇಟ್ಟುಕೊಂಡಿದ್ದೇನೆ: ಸ್ಪಂಜನ್ನು ಬಳಸಿದ ಪ್ರತಿ ಸಲವೂ ತೊಳೆಯುವುದು, ಮೂರು ತಿಂಗಳಾಗುತ್ತಲೇ ಎಸೆಯುವುದು. ಕಪ್ಪು ಚುಕ್ಕೆ ಹೊರಗೇ ಕಂಡರೆ ಮೂರು ತಿಂಗಳು ಕಾಯುವುದಿಲ್ಲ.

ಬ್ರಷ್‌ಗಳನ್ನು 7ರಿಂದ 10 ದಿನಕ್ಕೊಮ್ಮೆ ತೊಳೆಯಿರಿ ಎಂಬುದು ಅಮೆರಿಕದ ಚರ್ಮವೈದ್ಯರ ಸಂಘದ ಸಲಹೆ. ಈಗ ನಿಮ್ಮನ್ನು ನೀವೇ ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ದಿನವೂ ತೊಳೆಯುವೆನೆಂದರೆ ಸ್ಪಂಜ್, ವಾರಕ್ಕೊಮ್ಮೆ ಎಂದರೆ ಸಿಂಥೆಟಿಕ್ ಬ್ರಷ್, ಎರಡೂ ಆಗದೆಂದರೆ ಬೆರಳು. ಬೆರಳನ್ನಾದರೂ ತೊಳೆಯುತ್ತೀರಲ್ಲ.

ತೊಳೆಯುವ ಕ್ರಮ ಕಷ್ಟದ್ದಲ್ಲ. ಬ್ರಷ್‌ನ ತುದಿ ಕೆಳಮುಖವಾಗಿರುವಂತೆ ಹಿಡಿದು ಉಗುರು ಬೆಚ್ಚಗಿನ ನೀರಿನಲ್ಲಿ ಎಳೆಗಳನ್ನು ಮಾತ್ರ ಒದ್ದೆ ಮಾಡಿ. ನೀರು ಲೋಹದ ಕೊಳವೆಯೊಳಗೆ ಹೋದರೆ ಅಂಟು ಸಡಿಲವಾಗಿ ಎಳೆ ಉದುರುತ್ತದೆ. ಮಕ್ಕಳ ಶಾಂಪೂ ಅಥವಾ ಸೌಮ್ಯ ಸೋಪನ್ನು ಅಂಗೈಗೆ ಹಾಕಿಕೊಂಡು ಬ್ರಷ್ ಅನ್ನು ವೃತ್ತಾಕಾರವಾಗಿ ತಿರುಗಿಸಿ, ನೊರೆ ಬಿಳಿಯಾಗುವವರೆಗೆ. ಸಿಲಿಕೋನ್ ಆಧಾರದ ಹಟಮಾರಿ ಫೌಂಡೇಶನ್ ಬರಿ ಶಾಂಪೂಗೆ ಬಗ್ಗುವುದಿಲ್ಲ. ಮೇಕಪ್ ತೆಗೆಯುವ ಕ್ಲೆನ್ಸಿಂಗ್ ಆಯಿಲ್ ಒಂದೆರಡು ಹನಿ ಹಾಕಿ ಕರಗಿಸಿ, ಆಮೇಲೆ ಸೋಪು ಹಾಕಿ. ಸ್ಪಂಜಿಗೂ ಇದೇ ಕ್ರಮ, ಆದರೆ ಹಿಂಡಬೇಕು, ತಿರುಚಬಾರದು. ಉಗುರು ತಾಗಿದರೆ ಹರಿಯುತ್ತದೆ. ಸ್ಪಂಜನ್ನು ಮೈಕ್ರೋವೇವ್‌ನಲ್ಲಿಟ್ಟು ಶುದ್ಧ ಮಾಡುವ ವಿಡಿಯೋಗಳನ್ನು ನೋಡಿರಬಹುದು. ನೀರು ಸಾಲದಿದ್ದರೆ ಅದು ಸುಟ್ಟು ಹೊಗೆಯಾಗುತ್ತದೆ, ಹೊರಗೆ ತೆಗೆಯುವಾಗ ಕೈಯೂ ಸುಡುತ್ತದೆ. ಬೇಡ.

ಒಣಗಿಸುವಾಗ ಬ್ರಷ್ ಅನ್ನು ಲೋಟದಲ್ಲಿ ನೆಟ್ಟಗೆ ನಿಲ್ಲಿಸಬೇಡಿ, ನೀರು ಬುಡಕ್ಕೆ ಇಳಿಯುತ್ತದೆ. ಎಳೆಗಳಿಗೆ ಬೆರಳಿನಿಂದ ಆಕಾರ ಕೊಟ್ಟು, ಮೇಜಿನ ಅಂಚಿನಲ್ಲಿ ತಲೆ ಹೊರಚಾಚುವಂತೆ ಮಲಗಿಸಿ. ದಟ್ಟ ಬ್ರಷ್ ರಾತ್ರಿಯಿಡೀ ಒಣಗಲು ಬೇಕು. ಸ್ಪಂಜನ್ನು ಅದು ಬಂದ ಪ್ಲಾಸ್ಟಿಕ್ ಡಬ್ಬಿಗೆ ಮತ್ತೆ ತುರುಕಬೇಡಿ, ಮೇಕಪ್ ಚೀಲಕ್ಕೂ ಹಾಕಬೇಡಿ. ಎಲ್ಲ ಬದಿಗೂ ಗಾಳಿಯಾಡುವ ತಂತಿಯ ಹಿಡಿಕೆಯಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಚೂಪು ತುದಿಗೆ ಬಟ್ಟೆಯ ಕ್ಲಿಪ್ ಸಿಕ್ಕಿಸಿ ಕಿಟಕಿಯ ಸರಳಿಗೆ ನೇತುಹಾಕಿ. ನನ್ನದು ಈಗ ಅಲ್ಲೇ ನೇತಾಡುತ್ತಿದೆ.